ಬಾಯ್ಲರು ಹೊತ್ತ ವ್ಯಾನು

ಬ್ರೇಕು ಹಿಡಿಯದೆ ಹೋಗಬಹುದಿತ್ತು. ಹಿಡಿದ ಬ್ರೇಕು ಬಿಡದೆ ಇರಬಹುದಿತ್ತು. ಹಿಂದೆ ಕಟ್ಟಿದ್ದ ತಾಮ್ರದ ಬಾಯ್ಲರು ಸಿಡಿದು ನಾವು ಮೂವರೂ ಮೂರು ಬೇರೆ ಬೇರೆ ಟೀ ಎಸ್ಟೇಟುಗಳಲ್ಲಿ ಹೋಗಿ ಬೀಳಬಹುದಿತ್ತು. ಆನೆ ಅಡ್ಡ ಬರಬಹುದಿತ್ತು. ಬಂದ ಆನೆಗೆ ನಮ್ಮ ವ್ಯಾನು ಇಷ್ಟವಾಗಿ ಅಲ್ಲೇ ನಿಂತುಬಿಡಬಹುದಿತ್ತು. ವ್ಯಾನಿನ ಗೋಡೆಗೆ ತುಂಬಿದ್ದ ಬನಿಯನ್ ಚೂರುಗಳಿಗೆ ಕಿಡಿ ಹಾರಬಹುದಿತ್ತು. ಕೆಂಡದ ಹೊಗೆ ಕುಡಿದು ಮಲಗಿದವರು ಮಲಗಿದ ಹಾಗೆಯೇ ಉಳಿಯಬಹುದಿತ್ತು. ಪೊಲೀಸರು ಹಿಡಿಯಬಹುದಿತ್ತು. ಹಿಡಿದ ಪೊಲೀಸರಿಗೆ ಭಾವ ಪಂಪಿನ ತತ್ವ ವಿವರಿಸಲು ಹೊರಟು, ಅವರು ಕೈಮುಗಿದು ನಮ್ಮನ್ನು ಬಿಟ್ಟುಬಿಡಲೂಬಹುದಿತ್ತು.

ಹೊರಡುವ ಮುನ್ನ ಇವನ್ನೆಲ್ಲ ನಾನು ಒಂದೊಂದಾಗಿ ಯೋಚಿಸಿ, ಒಂದೊಂದಕ್ಕೂ ಬೇರೆ ಬೇರೆಯಾಗಿ ಬೆವೆತಿದ್ದೆ. ಇವುಗಳಲ್ಲಿ ಒಂದೂ ಆಗಲಿಲ್ಲ! ಚಿಂತೆ ಮಾಡುವವನಿಗೆ ಇದಕ್ಕಿಂತ ದೊಡ್ಡ ಅವಮಾನ ಉಂಟೆ? ಆದದ್ದು ಬೇರೆಯೇ ಒಂದು. ತೀರ ಸಣ್ಣದು. ಅದು ನನಗೆ ಹೊಳೆದೇ ಇರಲಿಲ್ಲ.

ಮೊದಲು ಭಾವನ ವಿಷಯ ಹೇಳಬೇಕು. ನನ್ನ ಅಕ್ಕನ ಗಂಡ. ಈ ಲೋಕದಲ್ಲಿ ಪಂಪು ಹಾಕಿ ಬಗೆಹರಿಸಲಾಗದ ಕಷ್ಟವೇ ಇಲ್ಲ ಎಂದು ಮನಸಾರೆ ನಂಬಿರುವ ಏಕೈಕ ಮನುಷ್ಯ. ಇದನ್ನು ನಾನು ಧೈರ್ಯವಾಗಿ ಬರೆಯಬಹುದು. ಏಕೆಂದರೆ ನಾನು ಬರೆಯುತ್ತಿರುವುದು ಕನ್ನಡದಲ್ಲಿ. ಭಾವನವರದು ನೆಗಮಂ ಕಡೆಯ ಬೇಸಾಯದ ಮನೆತನ. ಎಷ್ಟೋ ತಲೆಮಾರಿನ ಹಿಂದೆ ಬಂದು ನೆಲೆಸಿದವರು. ಮನೆಯಲ್ಲಿ ಕನ್ನಡ ಆಡುತ್ತಾರೆ, ಬೀದಿಗಿಳಿದರೆ ತಮಿಳು. ಓದುವುದು, ಬರೆಯುವುದು, ಬೈಯುವುದು ಎಲ್ಲ ತಮಿಳಿನಲ್ಲೇ. ಕನ್ನಡದ ಅಕ್ಷರ ಅವರಿಗೆ ಜಿಲೇಬಿಯ ಹಾಗೆ ಕಾಣುತ್ತದೆ. "ನೋಡಕ್ಕೆ ಚೆನ್ನಾಗೈತೆ ಮಾಪ್ಳೆ. ತಿನ್ನಕ್ಕಾಗಲ್ಲ, ಅಷ್ಟೆ" ಎನ್ನುತ್ತಾರೆ. ಹೆಂಡತಿಯ ತಮ್ಮನಾದ ನಾನು ಅವರಿಗೆ 'ಮಾಪ್ಳೆ'. ಈ ಪದವನ್ನು ಅವರು ಸಂತೋಷಕ್ಕೂ ಬಳಸುತ್ತಾರೆ, ಸಿಟ್ಟಿಗೂ ಬಳಸುತ್ತಾರೆ, ಸ್ಪ್ಯಾನರು ಬೇಕಾದಾಗಲೂ ಬಳಸುತ್ತಾರೆ.

ಕೊಯಮತ್ತೂರಿನಲ್ಲಿ ಅವರಿಗೆ ಮೋಟಾರು ರಿಪೇರಿಯ ಒಂದು ಪಟ್ಟರೆ. ಪಟ್ಟರೆ ಎಂದರೆ ನಮ್ಮೂರಿನಲ್ಲಿ ವರ್ಕ್‌ಶಾಪು. ಸುಟ್ಟ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತಿ ಜೀವ ಕೊಡುವುದು ಕಸುಬು. ಅಲ್ಲಿಗೆ ನಿಂತಿದ್ದರೆ ನಮಗೆಲ್ಲ ನೆಮ್ಮದಿ ಇರುತ್ತಿತ್ತು. ನೆಂಟರೊಬ್ಬರ ಮದುವೆ. ಅಡುಗೆ ಕೆಳಗೆ, ಊಟದ ಹಾಲು ಮಹಡಿಯ ಮೇಲೆ. ಸಾಂಬಾರಿನ ಬಕೆಟ್ಟು ಹೊತ್ತು ಮೆಟ್ಟಿಲು ಹತ್ತುವವರನ್ನು ಕಂಡು ಭಾವನಿಗೆ ಸುಮ್ಮನಿರಲಾಗಲಿಲ್ಲ. ಹೋಗಿ ಒಂದು ಹೊಸ ಪಂಪು ತಂದರು, ಪೈಪು ಜೋಡಿಸಿದರು, ಸಾಂಬಾರನ್ನು ಮೇಲಕ್ಕೆ ಏರಿಸಿಯೇಬಿಟ್ಟರು! ಮೊದಲ ಪಂಕ್ತಿ ಧನ್ಯವಾಯಿತು. ಎರಡನೆಯ ಪಂಕ್ತಿಗೆ ನುಗ್ಗೆಕಾಯಿ ಸಿಕ್ಕಿಕೊಂಡಿತು. ಪೈಪು ಕಿತ್ತುಕೊಂಡು ಬಂತು. ಸಾಂಬಾರಿನ ಕಾರಂಜಿಗೆ ಎದುರಾಗಿ ನಿಂತಿದ್ದವರು ಹುಡುಗನ ಕಡೆಯ ದೊಡ್ಡವರು.

ಆಮೇಲೆ ಭಾವ ಬಹಳ ಹೊತ್ತು ಯೋಚಿಸಿ ಒಂದು ತೀರ್ಮಾನಕ್ಕೆ ಬಂದರು: "ಇನ್ಮೇಲೆ ಮದುವೆಗೆ ನುಗ್ಗೆಕಾಯಿ ಹಾಕ್ಕೂಡ್ದು ಮಾಪ್ಳೆ."

ಪಂಪು ಹಾಕಕೂಡದು ಎಂದು ಅವರಿಗೆ ತೋಚಲೇ ಇಲ್ಲ.

ಇಂಥವರಿಗೆ ಹೆಂಡತಿಯಾದ ನನ್ನ ಅಕ್ಕ ಹುಟ್ಟಿದ್ದು ಬೆಳೆದದ್ದು ವಾಲ್‌ಪಾರೈ ಬೆಟ್ಟದ ಮೇಲೆ. ನಾನೂ ಅಲ್ಲಿಯವನೇ. ನಮ್ಮ ಅಪ್ಪ ಕೊಳ್ಳೇಗಾಲದ ಕಡೆಯಿಂದ ಬಂದು ಒಂದು ಟೀ ಎಸ್ಟೇಟಿನಲ್ಲಿ ಗುಮಾಸ್ತರಾದವರು. ಎಸ್ಟೇಟಿನವರು ಕೊಟ್ಟ ಕ್ವಾರ್ಟರ್ಸು: ತಗಡಿನ ಮಾಡು, ಎರಡು ಕೋಣೆ, ಮುಂದೆ ಒಂದು ಗಾಜಿನ ಕಿಟಕಿ. ಶಾಲೆಯಲ್ಲಿ ನಮಗೆ ತಮಿಳು. ಕನ್ನಡ ಕಲಿಸಿದ್ದು ಅಪ್ಪ, ಆ ಕಿಟಕಿಯ ಮೇಲೆ. ಮಾರ್ಗಶಿರ ಪುಷ್ಯದ ಬೆಳಗಿನಲ್ಲಿ ಹೊರಗಿನ ಚಳಿಗೂ ಒಳಗಿನ ನಮ್ಮ ಉಸಿರಿಗೂ ಗಾಜು ಬೆವರುತ್ತಿತ್ತು. ಅಪ್ಪ ಆಫೀಸಿಗೆ ಹೋಗುವ ಮುನ್ನ ಆ ಬೆವರಿನ ಮೇಲೆ ಬೆರಳಾಡಿಸಿ ಅ ಎಂದು ಬರೆಯುತ್ತಿದ್ದರು. ಅಕ್ಕ ಅದರ ಪಕ್ಕ ಬರೆಯುತ್ತಿದ್ದಳು. ನಾನು ಸ್ಟೂಲು ಹತ್ತಿ ಕೆಳಗಡೆ. ಆ ಶಾಲೆಯಲ್ಲಿ ತಪ್ಪು ಬರೆದರೆ ಅಳಿಸುವ ಕಷ್ಟವಿರಲಿಲ್ಲ. ಸರಿಯಾಗಿ ಬರೆದರೆ ಉಳಿಯುವ ಭಾಗ್ಯವೂ ಇರಲಿಲ್ಲ. ಬಿಸಿಲು ಬಂದರೆ ಪಾಠ ಮುಗಿಯಿತು.

ಕ್ವಾರ್ಟರ್ಸಿನ ಮಕ್ಕಳಿಗೆ ಒಂದು ವಿಚಿತ್ರವಾದ ಅನಾಥತನ ಇರುತ್ತದೆ. ಅಪ್ಪನಿಗೆ ರಿಟೈರಾಯಿತು, ಲಾರಿ ಬಂತು, ಪಾತ್ರೆಪಡಗ ಹೇರಿದೆವು, ಬೀಗದ ಕೈ ಆಫೀಸಿಗೆ ಕೊಟ್ಟೆವು. ಮರುವಾರವೇ ಬೇರೊಬ್ಬ ಗುಮಾಸ್ತರು ಬಂದು ನಮ್ಮ ಕಿಟಕಿಗೆ ತಮ್ಮ ಪರದೆ ಹಾಕಿರಬೇಕು. ಅಪ್ಪ ಅಮ್ಮ ಕೊಯಮತ್ತೂರಿಗೆ ಬಂದು, ಬಹಳ ವರ್ಷ ಬಾಳದೆ ಹೋದರು. ಅಲ್ಲಿಗೆ ಅಕ್ಕನ ತವರೆಂದರೆ ನನ್ನ ಬಾಡಿಗೆಯ ಮನೆ ಎಂದಾಯಿತು. ಅವಳ ಮನೆಯಿಂದ ಟೌನ್ ಬಸ್ಸಿನಲ್ಲಿ ಕೂತು ಟಿಕೆಟು ತೆಗೆಯುವಷ್ಟರಲ್ಲಿ ಸಿಗುವ ತವರು! ಬೆಳಿಗ್ಗೆ ಬಂದು, ಉಂಡು, ಕಣ್ಣೀರು ಹಾಕುವಷ್ಟು ದೂರವಿಲ್ಲವಲ್ಲ ಎಂದು ನಕ್ಕು, ಸಂಜೆ ಹೊರಡುತ್ತಿದ್ದಳು. ಹೋಗುವಾಗ ನಮ್ಮ ಮನೆಯ ಕಿಟಕಿ ಗಾಜಿಗೆ ಬಾಯಿ ಹತ್ತಿರ ತಂದು 'ಹಾ' ಎಂದು ಊದುವುದು ಅವಳ ಅಭ್ಯಾಸ. ಒಂದು ಕ್ಷಣ ಮಸುಕಾಗಿ, ಬೆರಳು ಇಡುವುದರೊಳಗೆ ಮಾಯ.

"ಈ ಊರಿನ ಗಾಜಿಗೆ ಬೆವರೋದೇ ಗೊತ್ತಿಲ್ಲ ಕಣೋ. ಮನುಷ್ಯರು ಮಾತ್ರ ಬೆವರ್ತಾರೆ" ಎನ್ನುತ್ತಿದ್ದಳು.

ಪ್ರತಿ ಪೊಂಗಲ್ ಹತ್ತಿರವಾದಾಗಲೂ ಅವಳದು ಒಂದೇ ಮಾತು. ಒಂದು ಸಲ, ಒಂದೇ ಒಂದು ಸಲ, ಆ ಬೆಟ್ಟದ ಚಳಿಯಲ್ಲಿ ಮಲಗಿ ಏಳಬೇಕು. ಎಲ್ಲಿ ಮಲಗುವುದು? ಅಲ್ಲಿ ನಮಗೆ ಯಾರಿದ್ದಾರೆ? ಲಾಡ್ಜಿನಲ್ಲಿ ಮಲಗುವುದಕ್ಕೆ ಅವಳು ಒಪ್ಪಳು. "ತವರೂರಿಗೆ ಹೋಗಿ ಲಾಡ್ಜಲ್ಲಿ ರೂಮು ಹಿಡಿಯೋದಾ? ಮಾನ ಹೋಗುತ್ತೆ!"

ಹೀಗಿರುವಾಗ ಪಟ್ಟರೆಯ ಮುಂದೆ ಒಂದು ವಿಲಾಯ್ತಿ ವ್ಯಾನು ಕೆಟ್ಟು ನಿಂತಿತು. ಯಾರೋ ಬಿಳಿಯ ಗಂಡಹೆಂಡಿರು ಯಾವುದೋ ದೇಶದಿಂದ ಅದನ್ನು ಓಡಿಸಿಕೊಂಡೇ ಬಂದಿದ್ದರು. ಒಳಗೆ ಹಾಸಿಗೆ, ಒಲೆ, ಪಾತ್ರೆ ತೊಳೆಯುವ ತೊಟ್ಟಿ! ಹಿಮ ಬೀಳುವಾಗಲೂ ಅದರಲ್ಲೇ ಮಲಗುತ್ತಾರಂತೆ! ಭಾವ ರಿಪೇರಿ ಮುಗಿಸಿ, ಕೂಲಿ ತೆಗೆದುಕೊಳ್ಳುವುದನ್ನು ಮರೆತು, ಅರ್ಧ ದಿನ ಆ ವ್ಯಾನಿನ ಅಡಿಯಲ್ಲಿ ಅಂಗಾತ ಮಲಗಿ ನೋಡಿದರು. ಅಲ್ಲಿಂದ ಹೊರಗೆ ಬಂದಾಗ ಅವರ ಮುಖದಲ್ಲಿ ಗ್ರೀಸಿನ ಜೊತೆ ಇನ್ನೂ ಏನೋ ಹೊಳೆಯುತ್ತಿತ್ತು. ನಾನು ಆಗಲೇ ಚಿಂತೆ ಶುರುಮಾಡಿದೆ.

ಬ್ರೆಡ್ಡು ಸಾಗಿಸುತ್ತಿದ್ದ ಒಂದು ಮುದಿ ವ್ಯಾನನ್ನು ಅವರು ಕೊಂಡು ತಂದರು. ಬಾಗಿಲು ತೆರೆದರೆ ಬನ್ನಿನ ವಾಸನೆ. ಪಕ್ಕೆ ಕೊರೆದು ಹಳೆಯ ಬಸ್ಸಿನ ಗಾಜುಗಳನ್ನು ಕೂರಿಸಿದರು. ತಿರುಪ್ಪೂರಿನ ಗೆಳೆಯನ ಕಂಪನಿಯಿಂದ ಬನಿಯನ್ ಚೂರುಗಳ ಮೂಟೆಗಳು ಬಂದವು; ಅವನ್ನು ತಗಡಿಗೂ ಪ್ಲೈವುಡ್ಡಿಗೂ ನಡುವೆ ಗಿಡಿದು ತುಂಬಿದರು. "ಊರಿಗೆಲ್ಲ ಬನಿಯನ್ ಹಾಕ್ತಾರೆ ತಿರುಪ್ಪೂರವ್ರು. ನಾನು ವ್ಯಾನಿಗೆ ಹಾಕ್ದೆ!" ಹಿಂದೆ ಸ್ನಾನದ ಮನೆಯ ತಾಮ್ರದ ಬಾಯ್ಲರು ಏರಿ ಕುಳಿತಿತು, ಹೊಗೆಕೊಳವೆ ಸಮೇತ. ಉರಿಗೆ ಪೊಳ್ಳಾಚಿಯ ತೆಂಗಿನ ಕರಟ. ಬಾಯ್ಲರಿನಿಂದ ಕುದಿನೀರು ಹೊರಟು, ತಾಮ್ರದ ಪೈಪಿನಲ್ಲಿ ಹಾಸಿಗೆಯ ಅಡಿ ಹಾದು, ಕಿಟಕಿಗಳ ಕೆಳಗೆ ಸುತ್ತಿ, ಮತ್ತೆ ಬಾಯ್ಲರಿಗೆ ಮರಳಬೇಕು. ಹಾಗೆ ಸುತ್ತಿಸುವುದು ಯಾರು?

ಇನ್ನು ಯಾರು! ಪಂಪು.

ಸಂಕ್ರಾಂತಿಗೆ ಮುಂಚೆ ಅವರ ಅಂಗಳದಲ್ಲೇ ಪರೀಕ್ಷೆ ನಡೆಯಿತು. ಅಡುಗೆಮನೆಯಿಂದ ವೈರು ಎಳೆದು ಪ್ಲಗ್ಗು ಚುಚ್ಚಿದರು. ನನ್ನನ್ನೂ ಅಕ್ಕನನ್ನೂ ಒಳಗೆ ಕೂರಿಸಿ ಬಾಗಿಲು ಹಾಕಿದರು. ಕೊಯಮತ್ತೂರಿನ ಮಧ್ಯಾಹ್ನ, ಬನಿಯನ್ ತುಂಬಿದ ಗೋಡೆ, ಕುದಿನೀರಿನ ಪೈಪು! ಇಡ್ಲಿ ಪಾತ್ರೆಯೊಳಗಿನ ಇಡ್ಲಿಗೆ ಏನನ್ನಿಸುತ್ತದೆ ಎಂದು ಅಂದು ನನಗೆ ತಿಳಿಯಿತು. ಹೊರಗಿನಿಂದ ಭಾವ ಕೂಗುತ್ತಿದ್ದರು:

"ಚಳಿ ಆಯ್ತದಾ ಮಾಪ್ಳೆ?"

"ಪ್ರಾಣ ಹೋಗ್ತಿದೆ ಭಾವ!"

"ಆಮಾ, ಅದು ಹೋಗ್ಲಿ. ಚಳಿ ಆಯ್ತದಾ?"

ಬಾಗಿಲು ತೆರೆದಾಗ ಅಕ್ಕ ಕಿಟಕಿಯ ಹತ್ತಿರ ಕುಳಿತು ಗಾಜಿಗೆ 'ಹಾ' ಎಂದು ಊದುತ್ತಿದ್ದಳು. ಗಾಜು ಕಾದಿತ್ತು. ಒಂದು ಕ್ಷಣದ ಮಸುಕೂ ಹಿಡಿಯಲಿಲ್ಲ. "ಬಿಡಿ, ಇಲ್ಲಿ ಹೇಗೆ ಹಿಡಿಯುತ್ತೆ" ಎಂದು ಇಳಿದು ಒಳಗೆ ಹೋದಳು. ಭಾವ ಆ ಗಾಜಿನ ಮೇಲೆ ಅಂಗೈ ಇಟ್ಟುಕೊಂಡು ತುಸು ಹೊತ್ತು ನಿಂತರು. ಮರುದಿನ ನನ್ನ ಆಫೀಸಿನ ತನಕ ಬಂದು ಒಂದು ಪ್ರಶ್ನೆ ಕೇಳಿದರು:

"ಮಾಪ್ಳೆ, ನಿಮ್ ಕ್ವಾರ್ಟರ್ಸಲ್ಲಿ ಒಲೆ ಎಲ್ಲಿತ್ತು? ಕಿಟಕಿ ಹತ್ರಾನಾ?"

"ಇಲ್ಲ ಭಾವ, ಹಿಂದೆ, ಅಡುಗೆಮನೇಲಿ. ಯಾಕೆ?"

"ಸುಮ್ಕೆ" ಎಂದು ಹೊರಟುಹೋದರು. ಇದನ್ನು ಕೇಳಲು ಸೈಕಲ್ ತುಳಿದು ಇಷ್ಟು ದೂರ ಬರಬೇಕಿತ್ತೆ? ಅವರ ಪ್ರಶ್ನೆಗಳೇ ಹಾಗೆ ಎಂದು ನಾನು ಮತ್ತೆ ನನ್ನ ಚಿಂತೆಗಳಿಗೆ ಮರಳಿದೆ.

ಪೊಂಗಲ್ಲಿಗೆ ಹೊರಟೆವು. ನನ್ನ ಹೆಂಡತಿ ಬರಲೊಲ್ಲೆ ಎಂದಳು. "ಎರಡೂ ಮನೆ ಮಕ್ಕಳನ್ನ ಸಾಕೋಕೆ ಒಬ್ರಾದ್ರೂ ಉಳೀಬೇಕಲ್ಲ!" ಅವಳೂ ಚಿಂತೆ ಮಾಡುವವಳೇ, ನನ್ನ ಜೊತೆ ಇದ್ದು ಕಲಿತದ್ದು. ನಮ್ಮಲ್ಲಿ ಪೊಂಗಲ್ಲಿಗೆ ತವರಿನವರು ಹೆಣ್ಣಿಗೆ ಸೀರು ಕೊಡಬೇಕು: ಕಬ್ಬು, ಅರಿಸಿನದ ಗಿಡ, ಅಕ್ಕಿ ಬೆಲ್ಲ, ಒಂದು ಸೀರೆ. ನಾನು ನೆಗಮಂ ಸೀರೆ ತಂದಿದ್ದೆ. ಎಲ್ಲವನ್ನೂ ವ್ಯಾನಿಗೇ ಹೇರಿದೆ. ಕಬ್ಬು ಒಳಗೆ ಹಿಡಿಸದೆ ಕಿಟಕಿಯಿಂದ ಹೊರಗೆ ಇಣುಕಿತು. ಊರಿನವರ ತವರು ಎಲ್ಲೋ ಒಂದು ಕಡೆ ಇರುತ್ತದೆ, ಸೀರು ಅಲ್ಲಿಂದ ಬರುತ್ತದೆ. ನಮ್ಮ ಅಕ್ಕನದು ನೋಡಿ! ಗಂಡ, ತಮ್ಮ, ಸೀರು, ಸ್ನಾನದ ಬಾಯ್ಲರು, ಎಲ್ಲ ಸೇರಿ ತವರನ್ನು ಹುಡುಕಿಕೊಂಡು ಬೆಟ್ಟ ಹತ್ತುತ್ತಿದೆ.

ಬೆಟ್ಟದ ಬುಡದ ಆಳಿಯಾರಿನಲ್ಲಿ ಕೋತಿಗಳಿಗೆ ಬನ್ನಿನ ವಾಸನೆ ಹತ್ತಿತು. ಒಂದು ಸಂಸಾರವಿಡೀ ಮಾಡಿನ ಮೇಲೆ ಹತ್ತಿ, ಬನ್ನು ಸಿಗದ ಕೋಪಕ್ಕೆ ಕಬ್ಬನ್ನು ಮುರಿದುಕೊಂಡು ಹೋಯಿತು. ಸೀರಿನಲ್ಲಿ ಮೊದಲ ಪಾಲು ಅವಕ್ಕೆ. ಚೆಕ್‌ಪೋಸ್ಟಿನವನು ವ್ಯಾನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹೊಗೆಕೊಳವೆ ನೋಡಿ, ಇದೇನು ವಂಡಿ ಎಂದು ತಮಿಳಿನಲ್ಲಿ ಕೇಳಿದ. ಭಾವ ಗಂಭೀರವಾಗಿ "ಮನೆ" ಎಂದರು. ಮನೆಯನ್ನು ಯಾಕೆ ಮೇಲಕ್ಕೆ ತೆಗೆದುಕೊಂಡು ಹೋಗುತ್ತಿದ್ದೀರಿ ಎಂದ. "ಹೆಂಡ್ತೀನ ತವರಿಗೆ ಬಿಡಬೇಕು" ಎಂದರು. ಅವನು ನಮ್ಮನ್ನು ಬಹಳ ಮರುಕದಿಂದ ನೋಡಿ ಗೇಟು ಎತ್ತಿದ.

ತಿರುವಿನ ಮೇಲೆ ತಿರುವು. ನಾನು ಕಣ್ಣು ಮುಚ್ಚಿಕೊಂಡೇ ಅಷ್ಟನ್ನೂ ನೋಡಿದೆ. ಅಟ್ಟಕಟ್ಟಿಯಲ್ಲಿ ಇಂಜಿನು ಆರಲೆಂದು ನಿಲ್ಲಿಸಿದಾಗ ಭಾವನಿಗೆ ಬಾಯ್ಲರು ಹೊತ್ತಿಸಿ ನೋಡುವ ಆಸೆಯಾಯಿತು. ಕೊಳವೆಯಿಂದ ಹೊಗೆ ಎದ್ದದ್ದೇ ತಡ, ಹಿಂದೆ ಬಂದು ನಿಂತ ಬಸ್ಸಿನಿಂದ ಜನ ಇಳಿದು ಸಾಲಾಗಿ ನಿಂತರು. "ಅಣ್ಣೇ, ರೆಂಡು ಟೀ!" ಇಲ್ಲ ಎನ್ನಲು ನಮ್ಮ ಅಕ್ಕನಿಗೆ ಬರುತ್ತದೆಯೆ? ತಂದಿದ್ದ ಹಾಲು, ಪುಡಿ ಎಲ್ಲ ಖರ್ಚಾಗುವ ತನಕ ಟೀ ಹಾಕಿಕೊಟ್ಟಳು. ಸಕ್ಕರೆ ಕಮ್ಮಿ ಎಂದು ಒಬ್ಬ ಜಗಳಕ್ಕೂ ಬಂದ!

ಹೊತ್ತು ಇಳಿಯುವಾಗ ನಮ್ಮ ಎಸ್ಟೇಟಿನ ತಿರುವಿಗೆ ಬಂದೆವು. ರಸ್ತೆಯ ಬದಿಯಲ್ಲಿ, ಸಿಲ್ವರ್ ಮರಗಳ ಕೆಳಗೆ ಸ್ವಲ್ಪ ಸಮತಟ್ಟು ಜಾಗ. ಅಲ್ಲಿಂದ ಮೇಲಕ್ಕೆ ನೋಡಿದರೆ ಕ್ವಾರ್ಟರ್ಸಿನ ಸಾಲು. ನಮ್ಮದು ಕೊನೆಯದು. ಹೊಗೆ ಏಳುತ್ತಿತ್ತು. ಕಿಟಕಿಯಲ್ಲಿ ಬೆಳಕಿತ್ತು.

"ಹೋಗಿ ನೋಡ್ಕೊಂಡ್ ಬಾ ರತ್ನ" ಎಂದರು ಭಾವ.

"ಏನಂತ ಹೇಳ್ಕೊಂಡು ಹೋಗ್ಲಿ ರೀ? ಇದು ನನ್ನ ತವರು, ಸ್ವಲ್ಪ ಬಾಗಿಲು ತೆಗೀರಿ ಅಂತನಾ?" ಎಂದು ಅಕ್ಕ ನಕ್ಕಳು. ನಕ್ಕು, ವ್ಯಾನಿನ ಕಿಟಕಿಯಿಂದಲೇ ನೋಡುತ್ತ ಕುಳಿತಳು. ಮೇಲೆ ಯಾರೋ ಹೆಂಗಸು ಬಂದು ಪರದೆ ಎಳೆದರು. ಬೆಳಕು ಇನ್ನೂ ಕಾಣುತ್ತಿತ್ತು, ಹಳದಿಯಾಗಿ.

ಅಷ್ಟರಲ್ಲಿ ಚಳಿ ಬಂತು. ಆ ಚಳಿಯ ಪರಿಚಯ ನನ್ನ ಮೂಳೆಗಳಿಗೆ ಇನ್ನೂ ಇತ್ತು, ಭಾವನಿಗೆ ಹೊಸದು. ಅವರ ಬಳಿ ಸ್ವೆಟರಿಲ್ಲ. ಬನಿಯನ್ನಿನ ಮೇಲೆ ನಂಬಿಕೆ ಕಳೆದುಕೊಂಡವರು ಹಾಕುವುದು ಸ್ವೆಟರು ಎಂಬುದು ಅವರ ಮತ. ತಿರುಪ್ಪೂರಿನ ಬನಿಯನ್ನುಗಳನ್ನು ಒಂದರ ಮೇಲೊಂದು ಹಾಕಿಕೊಂಡು ಮೂಟೆಯಂತೆ ಇಳಿದು, ಕರಟಕ್ಕೆ ಬೆಂಕಿ ಕೊಟ್ಟರು. ಬಾಯ್ಲರು ಗುಟುರು ಹಾಕಿತು. ನೀರು ಕುದಿಯಿತು. "ಈಗ್ ನೋಡು ಮಾಪ್ಳೆ!" ಎಂದು ಪಂಪಿನ ಪ್ಲಗ್ಗನ್ನು ಕೈಯಲ್ಲಿ ಹಿಡಿದುಕೊಂಡು ಎದ್ದರು.

ಎಡಕ್ಕೆ ನೋಡಿದರು. ಬಲಕ್ಕೆ ನೋಡಿದರು. ಸಿಲ್ವರ್ ಮರವನ್ನೂ ಒಮ್ಮೆ ನೋಡಿದರು.

"ಭಾವ," ಎಂದೆ ನಾನು, ನನ್ನ ದನಿ ನನಗೇ ಕೇಳದಂತೆ, "ಕರೆಂಟು?"

ನನ್ನ ಪ್ರಾಣವನ್ನು ಹಿಂಡಿದ ಸಾವಿರ ಚಿಂತೆಗಳಲ್ಲಿ ಇದೊಂದು ಇರಲಿಲ್ಲ! ಆನೆಯನ್ನು ಯೋಚಿಸಿದ್ದೆ, ಪ್ಲಗ್ ಪಾಯಿಂಟನ್ನು ಯೋಚಿಸಿರಲಿಲ್ಲ. ಜೀವಮಾನವೆಲ್ಲ ಮೋಟಾರು ಸುತ್ತಿದವರು ಕರೆಂಟಿಲ್ಲದ ಕಾಡಿಗೆ ಕರೆಂಟಿನ ಪಂಪು ತಂದಿದ್ದರು! ಮೋಟಾರು ಪಂಪುಗಳ ಊರಾದ ಕೊಯಮತ್ತೂರಿನವರಲ್ಲದೆ ಇನ್ಯಾರು ಇಂಥ ತಪ್ಪು ಮಾಡುತ್ತಾರೆ? ನಮಗೆ ಮೋಟಾರೆಂದರೆ ಅದರ ಹಿಂದೆ ಒಂದು ಗೋಡೆ, ಗೋಡೆಯಲ್ಲಿ ಒಂದು ತೂತು ಇದ್ದೇ ಇರುತ್ತದೆ.

"ಮರ್ತೇ ಹೋಯ್ತು ಮಾಪ್ಳೆ" ಎಂದು ಭಾವ ತಲೆ ಕೆರೆದುಕೊಂಡರು.

ನನಗೆ ರೇಗಿತು. ಅಕ್ಕನಿಗೆ ನಗು ಬಂತು. ಎಂಥ ನಗು! ಹೊಟ್ಟೆ ಹಿಡಿದುಕೊಂಡು, ವ್ಯಾನಿನ ಮೆಟ್ಟಿಲ ಮೇಲೆ ಕುಸಿದು ನಕ್ಕಳು. ಆಮೇಲೆ ಸೆರಗು ಬಿಗಿದು ಎದ್ದಳು.

"ಸರೀರಿ, ಇಬ್ರೂ ಪಕ್ಕಕ್ಕೆ ನಿಂತ್ಕೊಳ್ಳಿ. ಚಳಿ ಕಾಯೋದು ಹೇಗಂತ ನಿಮಗೇನು ಗೊತ್ತು?"

ಅಲ್ಲಿಂದ ಮುಂದೆ ಅವಳದೇ ರಾಜ್ಯ. ಬಾಯ್ಲರಿನ ಕುದಿನೀರನ್ನು ಮುಚ್ಚಳ ಬಿಗಿಯಾದ ಎವರ್‌ಸಿಲ್ವರ್ ಸ್ಟೀಲ್ ಡಬ್ಬಿಗಳಿಗೆ ತುಂಬಿಸಿ, ಬನಿಯನ್ ಚೂರು ಸುತ್ತಿ, ಹಾಸಿಗೆಗಳ ಕಾಲ ಕಡೆಗೆ ಇಟ್ಟಳು. ಗೋಣಿಚೀಲಗಳನ್ನು ಹಾಸಿಗೆಯ ಮೇಲಲ್ಲ, ಅಡಿಗೆ ಹಾಸಿದಳು. "ಚಳಿ ಮೇಲಿಂದ ಬರಲ್ಲ ರೀ, ಕೆಳಗಿಂದ ಕಚ್ಚುತ್ತೆ." ಕೆಂಡದ ಬಾಣಲೆಯನ್ನು ಒಳಗೆ ತರಲು ಹೋದ ಭಾವನನ್ನು ಗದರಿಸಿ ಹೊರಗೇ ಇಡಿಸಿದಳು. ಮೇಲಿನ ಗಾಳಿಕಿಂಡಿಯನ್ನು ಬೆರಳಗಲ ತೆರೆದಳು. ಅದರಲ್ಲಿ ಚಳಿ ಬರುವುದಿಲ್ಲವೆ ಎಂದು ಭಾವ ಕೇಳಿದರು. "ಬರ್ಲಿ. ನಾಳೆ ಬೆಳಿಗ್ಗೆ ನೀವೂ ಬೇಕಲ್ಲ" ಎಂದಳು. ಅಮ್ಮ ಮಾಡುತ್ತಿದ್ದ ಹಾಗೆ ಶುಂಠಿ ಜಜ್ಜಿ, ಹಾಲಿಲ್ಲದ ಕರಿ ಟೀಗೆ ಬೆಲ್ಲ ಹಾಕಿ ಕೊಟ್ಟಳು. ಹಾಲೆಲ್ಲ ಅಟ್ಟಕಟ್ಟಿಯ ಗಿರಾಕಿಗಳು ಕುಡಿದಿದ್ದರಲ್ಲ! ನಾನು ಸೀರಿನ ಸೀರೆಯನ್ನು ಅವಳ ಕೈಗೆ ಕೊಟ್ಟಾಗ ಅದನ್ನು ಬಿಚ್ಚಿ ಹೆಗಲಿಗೆ ಹೊದ್ದುಕೊಂಡಳು. "ತವರಿಗೆ ಬಂದ ಹೆಣ್ಣು ಕೆಲಸ ಮಾಡ್ಬಾರ್ದು ಅಂತಾರಪ್ಪ. ನನ್ನ ಗತಿ ನೋಡು" ಎಂದು ಗೊಣಗಿದಳು. ಅಷ್ಟು ಸಂತೋಷದ ಗೊಣಗಾಟ ನಾನು ಬೇರೆ ಎಲ್ಲೂ ಕೇಳಿಲ್ಲ.

ಕಂಬಳಿಯೊಳಗಿನಿಂದ ಭಾವನ ಹಲ್ಲುಗಳ ಸದ್ದು ಮೋಟಾರಿನ ಹಾಗೆ ಬರುತ್ತಿತ್ತು.

"ರತ್ನ, ಚಳಿ ಅಂದ್ರೆ ಇದೇನಾ?"

"ಇದೇರಿ."

"ಇದಕ್ಕಾ ನೀನು ಇಷ್ಟ್ ವರ್ಷ ಆಸೆಪಟ್ಟಿದ್ದು?"

"ಹೂಂ."

"ಸರಿ ಸರಿ" ಎಂದರು ಭಾವ. ಹಲ್ಲಿನ ಸದ್ದು ಮತ್ತೆ ಶುರುವಾಯಿತು.

ಬೆಳಿಗ್ಗೆ ನನಗೆ ಎಚ್ಚರವಾದದ್ದು ಒಂದು ಕೀಚು ದನಿಗೆ. ಒದ್ದೆಗಾಜಿನ ಮೇಲೆ ಬೆರಳು ಓಡುವ ದನಿ. ನಲವತ್ತು ದಾಟಿದ ಮನುಷ್ಯ ನಾನು. ಆ ಒಂದು ಕ್ಷಣ, ಅಪ್ಪ ಆಫೀಸಿಗೆ ಹೊರಡುತ್ತಿದ್ದಾರೆ, ನಾನಿನ್ನೂ ಎದ್ದಿಲ್ಲ ಎಂದೇ ಅನ್ನಿಸಿತು. ಕಣ್ಣು ಬಿಟ್ಟರೆ ವ್ಯಾನಿನ ಗಾಜೆಲ್ಲ ಬೆವೆತು ಹಾಲಿನಂತಾಗಿದೆ. ಅಕ್ಕ ಮೊಣಕಾಲೂರಿ ಕುಳಿತು ಬರೆಯುತ್ತಿದ್ದಾಳೆ. ಅ, ಆ, ಇ, ಈ. ಅಪ್ಪನ ಹಾಗೆಯೇ ಈ-ಗೆ ದೊಡ್ಡ ಹೊಟ್ಟೆ. ಅವಳ ಹೆಗಲ ಮೇಲಿನಿಂದ ಭಾವ, ಕಂಬಳಿ ಹೊದ್ದ ಕರಡಿ, ಇಣುಕಿ ನೋಡುತ್ತಿದ್ದಾರೆ.

"ನಿನ್ ಹೆಸ್ರು ಹೆಂಗೆ ಬರೀಬೇಕು?" ಎಂದರು.

ಅಕ್ಕ ಬರೆದು ತೋರಿಸಿದಳು. ಭಾವ ಬನಿಯನ್ನಿಗೆ ಬೆರಳು ಒರೆಸಿಕೊಂಡು, ಅದರ ಕೆಳಗೆ ರ ಎಂದು ಬರೆದರು. ಸುಮಾರಾಗಿ ಬಂತು. ಎರಡನೆಯದಕ್ಕೆ ತಡೆದರು.

"ಇದೇನಿದು? ಕೆಳಗೆ ಒಬ್ಬ ತೂಗಾಡ್ತಾವ್ನೆ?"

"ಒತ್ತು ರೀ. ತ-ಗೆ ನ ಒತ್ತು."

"ತಮಿಳಲ್ಲಿ ಎಲ್ರೂ ಸೀಟಲ್ಲೇ ಕುಂತ್ಕೊತಾರೆ. ನಿಮ್ ಕನ್ನಡ ನಮ್ ಟೌನ್ ಬಸ್ಸಿದ್ದಂಗೆ, ಫುಟ್‌ಬೋರ್ಡಲ್ಲೂ ಜನ!"

ನಾವು ನಕ್ಕರೂ ಅವರು ನಗಲಿಲ್ಲ. ನಾಲಿಗೆ ಕಚ್ಚಿಕೊಂಡು, ಮೋಟಾರಿನ ಸೂಕ್ಷ್ಮವಾದ ಕಾಯಿಲು ಸುತ್ತುವಾಗಿನ ಮುಖ ಮಾಡಿಕೊಂಡು, ಆ ಫುಟ್‌ಬೋರ್ಡಿನವನನ್ನೂ ಬರೆದು ಮುಗಿಸಿದರು. ರತ್ನ. ಸೊಟ್ಟಗೆ, ದೊಡ್ಡದಾಗಿ. ಅವರು ಬದುಕಿನಲ್ಲಿ ಬರೆದ ಮೊದಲ ಕನ್ನಡ ಪದ. ಅಕ್ಕ ಅದನ್ನು ಓದಿದಳು, ಮತ್ತೆ ಓದಿದಳು.

ಹೊರಡುವ ಮುನ್ನ ನಾನು ಟಯರುಗಳನ್ನು ಒದ್ದು ನೋಡಿ, ಜಾಕು ಇದೆಯೋ ಇಲ್ಲವೋ ಎಂಬ ಹೊಸ ಚಿಂತೆಯಿಂದ ಡ್ರೈವರ್ ಸೀಟಿನ ಅಡಿಗೆ ಕೈ ಹಾಕಿದೆ. ಜಾಕು ಇತ್ತು. ಅದರ ಪಕ್ಕ ಬನಿಯನ್ ಚೂರಿನಲ್ಲಿ ಸುತ್ತಿದ ಒಂದು ಗಂಟು. ಬಿಚ್ಚಿದರೆ ಒಂದು ಪುಟ್ಟ ಪಂಪು! ಲಾರಿಯ ವೈಪರು ಆಡಿಸುವ ಮೋಟಾರಿಗೆ ಜೋಡಿಸಿದ್ದು. ವ್ಯಾನಿನ ಬ್ಯಾಟರಿಗೆ ಕಚ್ಚಿಸುವ ಕ್ಲಿಪ್ಪು. ನಮ್ಮ ತಾಮ್ರದ ಪೈಪಿಗೆ ಸರಿಯಾಗಿ ಕೂರುವ ಬಾಯಿ. ಕರೆಂಟೇ ಬೇಡ! ಎಲ್ಲ ಸಿದ್ಧವಾಗಿತ್ತು.

ಭಾವ ಬಾನೆಟ್ಟಿನ ಹತ್ತಿರ ನೀರು ಹುಯ್ಯುತ್ತಿದ್ದರು. ನಾನು ಗಂಟನ್ನು ತೋರಿಸಿದೆ.

"ಭಾವ, ಇದೇನು?"

ಅವರು ಮೊದಲು ಅಕ್ಕ ಎಲ್ಲಿದ್ದಾಳೆಂದು ನೋಡಿದರು. ಅವಳು ರಸ್ತೆಯ ಅಂಚಿನಲ್ಲಿ ನಿಂತು ಮೇಲಿನ ಕಿಟಕಿ ನೋಡುತ್ತಿದ್ದಳು.

"ಷ್! ಮೊದ್ಲು ಒಳಗಿಡು. ಅವ್ಳು ಚಳಿ ತಡೀಲಾರೆ ಅಂದಿದ್ರೆ ಹಾಕಣಾಂತ ತಂದಿದ್ದೆ."

"ಮತ್ತೆ ನೀವು ರಾತ್ರಿಯೆಲ್ಲ ನಡುಗ್ತಿದ್ರಲ್ಲ!"

"ಪೈಪು ಗಾಜಿನ ಕೆಳಗೇ ಹೋಯ್ತದೆ ಮಾಪ್ಳೆ" ಎಂದರು ಭಾವ, ಕುತ್ತಿಗೆ ತಗ್ಗಿಸಿ ರೇಡಿಯೇಟರಿನ ಮುಚ್ಚಳ ತಿರುಗಿಸುತ್ತ. "ಗಾಜು ಬೆಚ್ಚಗಾದ್ರೆ ಬೆವರಲ್ಲ."

ನಾನು ಗಂಟು ಕಟ್ಟಿ, ಇದ್ದಲ್ಲೇ ಇಟ್ಟೆ. ಭಾವ ಕರೆಂಟು ಮರೆತ ಕಥೆಯನ್ನು ಅಕ್ಕ ಇವತ್ತಿಗೂ ನೆಂಟರ ಮುಂದೆಲ್ಲ ಹೇಳಿ ನಗಿಸುತ್ತಾಳೆ. ಭಾವ ತಲೆ ಕೆರೆದುಕೊಂಡು, "ಮರ್ತೇ ಹೋಯ್ತು" ಎಂದು ಒಪ್ಪಿಕೊಳ್ಳುತ್ತಾರೆ. ಅವಳಿಗೆ ಕನ್ನಡ ಓದಲು ಬರುತ್ತದೆ ಎಂಬುದು ನನಗೆ ಇಷ್ಟು ಬರೆದ ಮೇಲೆ ನೆನಪಾಗುತ್ತಿದೆ. ಇರಲಿ. ಓದಲಿ.

ಇಳಿಯುವಾಗ ಭಾವ ವ್ಯಾನಿನ ಒಂದು ಕಿಟಕಿಯನ್ನೂ ತೆರೆಯಲು ಬಿಡಲಿಲ್ಲ. ಗಾಳಿ ತಾಗಿದರೆ ಬರೆದದ್ದು ಹೋಗುತ್ತದೆ. ತಿರುವಿಗೊಮ್ಮೆ ವ್ಯಾನು ನಿಲ್ಲಿಸಿ ಹಿಂದೆ ಬಂದು, ಗಾಜಿಗೆ ಬಾಯಿಟ್ಟು 'ಹಾ, ಹಾ' ಎಂದು ಊದುತ್ತಿದ್ದರು. ಊದಿದಾಗಲೆಲ್ಲ ಹೆಸರು ಮೆಲ್ಲನೆ ಮೂಡುತ್ತಿತ್ತು. ಹಿಂದಿನ ಬಸ್ಸಿನವರು ಹಾರನ್ನು ಒತ್ತಿ ಬೈಯುತ್ತಿದ್ದರು. "ಸಾಕು ಬನ್ನಿ, ಜನ ನೋಡ್ತಿದಾರೆ" ಎಂದು ಅಕ್ಕ ನಾಚಿಕೊಳ್ಳುತ್ತಿದ್ದಳು. ನಾನು ಕಣ್ಣು ಮುಚ್ಚಿಕೊಳ್ಳುವುದನ್ನು ಮರೆತು, ಹಿಂದಕ್ಕೆ ಹೋಗುತ್ತಿದ್ದ ಟೀ ತೋಟಗಳನ್ನು ನೋಡುತ್ತ ಕುಳಿತಿದ್ದೆ. ಇಷ್ಟು ವರ್ಷ ಅಕ್ಕ ಒಬ್ಬಳೇ ಆಸೆಪಡುತ್ತಿದ್ದಾಳೆ ಎಂದುಕೊಂಡಿದ್ದೆನಲ್ಲ!

ಬ್ರೇಕು ಹಿಡಿಯಿತು. ಬಾಯ್ಲರು ಸಿಡಿಯಲಿಲ್ಲ. ಆನೆ ಬರಲಿಲ್ಲ, ಕಿಡಿ ಹಾರಲಿಲ್ಲ, ಯಾರೂ ಹೊಗೆ ಕುಡಿಯಲಿಲ್ಲ, ಪೊಲೀಸರು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಆಳಿಯಾರಿಗೆ ಇಳಿದಾಗ ಬಿಸಿಲು ಏರಿತ್ತು. ಭಾವ ವ್ಯಾನು ನಿಲ್ಲಿಸಿ ಹಿಂದೆ ಬಂದು, ಬನಿಯನ್ನುಗಳನ್ನು ಒಂದೊಂದಾಗಿ ಕಳಚಿ, ಗಾಜಿಗೆ ಬಾಯಿಟ್ಟು ಊದಿದರು. ಮತ್ತೆ ಊದಿದರು.

ಗಾಜು ಒಣಗಿತ್ತು.